ಇಳಿಸಿಟ್ಟ ಛತ್ತು

ಬಂದೇಅಲಿ ಗೋಡೆಯ ಮೇಲೆ ಕುಳಿತು ತನ್ನ ಮನೆಯ ಛತ್ತನ್ನು ತಾನೇ ಬಿಚ್ಚುತ್ತಿದ್ದ. ಅವನು ಒಂದೊಂದೇ ಫರ್ಸಿ ಕಲ್ಲಿನ ಚಪ್ಪಡಿಯನ್ನು ತೊಲೆಯಿಂದ ಸರಿಸಿ ಕೆಳಗೆ ಇಳಿಬಿಟ್ಟರೆ, ಹೆಂಡತಿ ಜಾನಬಿ ಎದೆಗಾನಿಸಿ ಹಿಡಿದು ಹೊರಗೋಡೆಗೆ ಒರಗಿಸುತ್ತಿದ್ದಳು.

"ಕಲ್ಲು ಒಡದ್ರ ಮತ್ತ ಏನ ಹೊಚ್ಚೋದ್ರಿ?"

"ಒಡಿಯಂಗಿಲ್ಲ, ಸುಮ್ಮ ಹಿಡಿ. ಸಾಹೇಬ ಮಧ್ಯಾಹ್ನಕ್ಕ ಬರ್ತಾನ. ಅಷ್ಟರಾಗ ಮ್ಯಾಲ ಗೋಣಿತಟ್ಟು ಹೊಚ್ಚಿಬಿಟ್ರ ನಮ್ದೂ ಗುಡಸಲಾ ಆಗ್ತದ."

ರಾಜ್ಯಕ್ಕೆ ಹೊಸ ಹೆಸರು ಬಂದಿತ್ತು. ಈಗ ಶಹಾಬಾದಿನ ಬಡವರಿಗೆ ಹೊಸ ಮನೆಗಳೂ ಬರುತ್ತವಂತೆ. ಗುಡಿಸಲಿನವರ ಹೆಸರು ಬರೆದುಕೊಳ್ಳಲು ಸಾಹೇಬರು ಇವತ್ತು ಬರುವವರಿದ್ದರು. ಹೆಸರು ಬಿದ್ದವರಿಗೆ ಮನೆ. ಬೀಳದವರು ಕಲ್ಲಿನ ಖಣಿಯ ದಂಡೆಯ ಈ ಜಾಗವನ್ನೂ ಬಿಟ್ಟು ಏಳಬೇಕು. ಇಷ್ಟೇ ಆಗಿದ್ದರೆ ಬಂದೇಅಲಿ ಗೋಡೆ ಹತ್ತುತ್ತಿರಲಿಲ್ಲ. ಆದರೆ ಹೋದ ವಾರ ಪಕ್ಕದ ಊರು ವಾಡಿಯಲ್ಲಿ ಕಲ್ಲಿನ ಛತ್ತು ಕಂಡಲ್ಲೆಲ್ಲ "ಇವರಿಗೆ ಪಕ್ಕಾ ಮನೆ ಇದೆ" ಎಂದು ಸಾಹೇಬರು ಮುಂದೆ ಹೋಗಿಬಿಟ್ಟರೆಂಬ ಸುದ್ದಿ ಬಂದಿತ್ತು. ಸಾಹೇಬರ ಊರಿನಲ್ಲಿ ಕಲ್ಲಿನ ಮನೆ ಸಾಹುಕಾರರಿಗೇ ಇರುತ್ತದೋ ಏನೋ. ಇಲ್ಲಿ ತಗಡು ಕೊಳ್ಳಲಾಗದವನೇ ಕಲ್ಲು ಹೊದಿಸುತ್ತಾನೆ. ಖಣಿಯವರು ಬಿಸಾಕಿದ ಒಡಕು ಫರ್ಸಿ ಹೊತ್ತುಕೊಂಡವರ ಪಾಲು. ಇದನ್ನು ಜೀಪಿನಲ್ಲಿ ಬರುವವರಿಗೆ ಯಾರು ಕೂರಿಸಿಕೊಂಡು ಹೇಳಬೇಕು?

ಜಾನಬಿಯ ಜೀವವೆಲ್ಲ ಪಕ್ಕದ ನೀಲಾಬಾಯಿಯ ಗುಡಿಸಲಿನಲ್ಲಿತ್ತು. ಮಗಳು ಶಹರಬಾನು ಹಸಿ ಬಾಣಂತಿ. ಗಾಳಿ ತಾಗಬಾರದೆಂದು ಕಿವಿಗೆ ಬಟ್ಟೆ ಕಟ್ಟಿ, ಬಾಗಿಲಿಗೆ ಕೌದಿ ಇಳಿಬಿಟ್ಟು, ಮಂಚದ ಕೆಳಗೆ ಕೆಂಡ ಇಟ್ಟು ಕಾಪಾಡಿದ ಹುಡುಗಿ. ಛತ್ತು ಬಿಚ್ಚಿದ ಮನೆಯಲ್ಲಿ ಅವಳನ್ನು ಇಡುವುದು ಹೇಗೆ? ಬೆಳಗಾಗುತ್ತಲೇ ಬಾಣಂತಿ, ಕೂಸು, ಮಂಚ, ಕೆಂಡ ಎಲ್ಲ ನೀಲಾಬಾಯಿಯಲ್ಲಿಗೆ ಸಾಗಿದ್ದವು. ಮಣ್ಣು ಬೀಳುತ್ತದೆಂದು ಗಡಿಗೆ, ಹಾಸಿಗೆಗಳೂ ಹಿಂದೆಯೇ ಹೋದವು.

ಕೊನೆಯ ಕಲ್ಲು ಇಳಿಸಿ ಬಂದೇಅಲಿ ಮೈ ಕೊಡವಿಕೊಂಡ. "ತಟ್ಟು ತರ್ತೀನಿ. ಅವರು ಮಸೂತಿ ಕಡಿಂದ ಶುರು ಮಾಡ್ತಾರ, ನಮ್ದು ಕಡೀ ಮನಿ. ನೀ ಅಂಜಬ್ಯಾಡ," ಎಂದು ಬಜಾರಿನತ್ತ ಓಡಿದ.

ಮಸೀದಿಯ ಕಡೆಯ ಸಂದಿಯಲ್ಲಿ ಜೀಪು ನುಗ್ಗುವುದಿಲ್ಲ ಎಂಬುದು, ಹುಟ್ಟಿದಾಗಿನಿಂದ ನಡೆದೇ ಓಡಾಡಿದ ಕೇರಿಯವರ ತಲೆಗೆ ಹೊಳೆದಿರಲಿಲ್ಲ. ಜೀಪು ಖಣಿಯ ಲಾರಿಗಳ ದಾರಿ ಹಿಡಿದು ಬಂದು ಜಾನಬಿಯ ಬಾಗಿಲಲ್ಲೇ ನಿಂತಿತು. ಸಾಹೇಬರು ಒಳಗೆ ಇಣುಕಿದರು. ನಾಲ್ಕು ಬರಿ ಗೋಡೆ, ನಡುವೆ ಬಿಸಿಲು.

"ಇಲ್ಲಿ ಯಾರು ವಾಸ ಮಾಡ್ತಾರಮ್ಮ?"

"ನಾವೇ ರೀ ಸಾಹೇಬ್ರ. ನಾವು ಗಂಡ ಹೆಂಡ್ತಿ, ನಮ್ಮ ಮಗಳು, ಅಕಿ ಕೂಸು."

"ಮಗಳೆಲ್ಲಿ?"

ಜಾನಬಿ ನೀಲಾಬಾಯಿಯ ಗುಡಿಸಲಿಗೆ ಕೈ ತೋರಿಸಿದಳು.

"ಪಾತ್ರೆ, ಹಾಸಿಗೆ?"

"ಅವೂ ಅಲ್ಲೇ ಅದಾವ್ರೀ."

"ಮತ್ತೆ ಛಾವಣಿ?"

ಇತ್ತು ಎಂದರೆ ಎಂಥದ್ದು ಎಂದು ಕೇಳುತ್ತಾರೆ. ಕಲ್ಲಿನದು ಎಂದರೆ ಮನೆ ಹೋದಂತೆಯೇ. "ಇಲ್ರೀ," ಎಂದಳು, "ಮೊದಲಿಂದೂ ಇಲ್ಲ."

ಅಷ್ಟರಲ್ಲಿ ಬಂದೇಅಲಿ ತಲೆಯ ಮೇಲೆ ಗೋಣಿತಟ್ಟಿನ ಹೊರೆ ಹೊತ್ತು ಏದುಸಿರು ಬಿಡುತ್ತ ಬಂದ. ಸಾಹೇಬರು ಅವನನ್ನು ನೋಡಿದರು, ತಟ್ಟನ್ನು ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು. ತಿಳಿದದ್ದು ತಪ್ಪು, ಅಷ್ಟೇ.

"ಜೀಪು ಬಂದ ಮೇಲೆ ಗುಡಿಸಲು ಹಾಕೋಕೆ ಹೊರಟಿದ್ದೀಯಲ್ಲಯ್ಯ. ಎಲ್ಲೋ ಇದ್ದುಕೊಂಡು ಇಲ್ಲಿ ಹೆಸರು ಬರೆಸೋರನ್ನ ನಾನು ಎಲ್ಲ ಊರಲ್ಲೂ ನೋಡಿದ್ದೀನಿ."

"ಖುದಾನ ಆಣಿರೀ ಸಾಹೇಬ್ರ! ಹದಿನೈದು ವರ್ಷ ಆತು, ಇದೇ ಮನ್ಯಾಗ ಇದ್ದೀವಿ."

"ಹದಿನೈದು ವರ್ಷ? ಛಾವಣಿ ಇಲ್ಲದೇನೆ? ಮಳೆಗಾಲದಲ್ಲೂ?"

ನಿಜ ಗಂಡ ಹೆಂಡತಿಯ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅದನ್ನು ಆಡಿದರೂ ಅಷ್ಟೇ, ಆಡದಿದ್ದರೂ ಅಷ್ಟೇ. ಸಾಹೇಬರು ಕಾಯಲಿಲ್ಲ. ನೀಲಾಬಾಯಿಯ ಬಾಗಿಲಿಗೆ ಹೋಗಿ ಅವಳ ಹೆಸರು ಬರೆದುಕೊಂಡರು. ಹರಕು ತಾಡಪತ್ರಿಯ ಗುಡಿಸಲು, ಕೇಳುವುದೇನೂ ಇರಲಿಲ್ಲ. "ಜಾನಬೀದೂ ಬರ್ಕೋರಿ, ನಿಮ್ಮ ಕಾಲ ಬೀಳ್ತೀನಿ," ಎಂದು ಅವಳು ಸೆರಗೊಡ್ಡಿದ್ದು ವ್ಯರ್ಥವಾಯಿತು.

ಉಳಿದ ಗುಡಿಸಲುಗಳನ್ನೂ ಮುಗಿಸಿ ಜೀಪಿನತ್ತ ಹೋಗುತ್ತಿದ್ದ ಸಾಹೇಬರು ಜಾನಬಿಯ ಹೊರಗೋಡೆಯ ಬಳಿ ನಿಂತರು. ಸಾಲಾಗಿ ಒರಗಿದ ಫರ್ಸಿಗಳನ್ನು ಕಂಡು ಅವರಿಗೆ ನೀಲಾಬಾಯಿಯ ಗುಡಿಸಲಿನಲ್ಲಿ ಕಂಡ ಬಾಣಂತಿಯ ನೆನಪಾಗಿರಬೇಕು. ಕೆಟ್ಟ ಮನುಷ್ಯರೇನಲ್ಲ. ಬಂದೇಅಲಿಯ ಭುಜದ ಮೇಲೆ ಕೈಯಿಟ್ಟು ಮೆತ್ತಗೆ ಬುದ್ಧಿ ಹೇಳಿದರು:

"ಹಸುಗೂಸನ್ನ ಕಂಡವರ ಮನೆಯಲ್ಲಿ ಇಡೋದು ಯಾಕಪ್ಪ? ಇಷ್ಟು ಒಳ್ಳೆ ಕಲ್ಲು ಸುಮ್ಮನೆ ಬಿದ್ದಿವೆ. ಸ್ವಲ್ಪ ಮೈ ಬಗ್ಗಿಸಿ ಇವನ್ನೇ ಎತ್ತಿ ಮೇಲೆ ಹಾಕ್ಕೊಂಡ್ರೆ ಆಯ್ತಲ್ಲ?"

ಜಾನಬಿಯೇ ಉತ್ತರ ಕೊಟ್ಟಳು.

"ಹಾಕ್ತೀವ್ರಿ ಸಾಹೇಬ್ರ. ನೀವು ಹೋದ ಕೂಡ್ಲೆ ಹಾಕ್ತೀವಿ."