ಕಡ್ಡಿಯ ಕೋಟು

“ಕತ್ತರಿ ಹಾಕ್ಬೇಡಿ ಅಜ್ಜಾ! ಹಾಕಿದ್ರೆ ಕಚ್ಚಿಬಿಡ್ತೀನಿ!”

ಟೈಲರ್ ಅಜ್ಜ ಕತ್ತರಿಯನ್ನು ಮೆಷಿನ್ನಿನ ಮೇಲಿಟ್ಟು ಬರಿಗೈ ತೋರಿಸಿದರು. ಹುಡುಗಿಯ ನೀಲಿ ಶಾಲಾಕೋಟು ಭುಜದಿಂದ ಜಾರಿ ಮೊಣಕೈಯಲ್ಲಿ ಸಿಕ್ಕಿಕೊಂಡಿತ್ತು. ಮೇಲೂ ಬಾರದು, ಕೆಳಗೂ ಇಳಿಯದು. ಎರಡೂ ಕೈ ಬೆನ್ನ ಹಿಂದೆ ಬಿಗಿದು ಅವಳು ಈಗಷ್ಟೇ ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತಿದ್ದಳು. ಅನಾಥಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕಡ್ಡಿ ಎಂದು. ಆ ಹೆಸರಿನ ಮೇಲೆ ಕೋಟಿಗೆ ಇನ್ನೂ ನಂಬಿಕೆಯಿತ್ತು, ಮೈಗೆ ಉಳಿದಿರಲಿಲ್ಲ.

“ಉಸಿರು ಬಿಡು.”

“ಬಿಟ್ಟಿದೀನಿ.”

“ಇನ್ನೂ ಸ್ವಲ್ಪ ಬಿಡು.”

“ಇನ್ನೂ ಬಿಟ್ರೆ ಸತ್ತೇ ಹೋಗ್ತೀನಿ!”

ಅಜ್ಜ ತೋಳಿನ ತುದಿ ಹಿಡಿದು ಮೆಲ್ಲನೆ ಜಗ್ಗಿದರು. ಪರ್ರೆಂದು ಸದ್ದಾಗಿ ಕೋಟು ಕೈಗೆ ಬಂತು. ಹರಿದದ್ದು ಎಲ್ಲಿ ಎಂದು ಒಳಮಗ್ಗುಲು ತಿರುಗಿಸಿ ನೋಡಿದರು. ಕಂಕುಳ ಹತ್ತಿರ ಕಪ್ಪು ದಾರ, ಬಿಳಿ ದಾರ, ಒಂದರ ಮೇಲೊಂದು ಅಡ್ಡಾದಿಡ್ಡಿ ಹೊಲಿಗೆ. ನೀಲಿ ದಾರ ಇಲ್ಲವೇ ಇಲ್ಲ. ನೀಲಿ ದಾರದ ಉಂಡೆ ಇರುವುದು ಅಜ್ಜನ ಪೆಟ್ಟಿಗೆಯಲ್ಲಿ ಮಾತ್ರ.

“ಯಾರೇ ಹೊಲಿದದ್ದು ಇದನ್ನ? ಕೋಳಿ ಕೆದಕಿದ ಹಾಗಿದೆ.”

“ನಾನೇ. ಕೈ ಎತ್ತಿದಾಗೆಲ್ಲ ಹರಿಯುತ್ತೆ. ಈಗ ಎತ್ತೋದು ಬಿಟ್ಟಿದೀನಿ.”

“ಹಾಗೆ ಹೇಳು!” ಬಾಗಿಲಲ್ಲಿ ನಿಂತಿದ್ದ, ಅನಾಥಾಲಯ ನಡೆಸುವ ಮದರ್ ಒಳಗೆ ಬಂದರು. “ಕ್ಲಾಸಲ್ಲಿ ಟೀಚರ್ ಪ್ರಶ್ನೆ ಕೇಳಿದ್ರೆ ಮೊದಲೆಲ್ಲ ಮೊದಲ ಕೈ ಇವಳದೇ. ಈಗ ಬೊಂಬೆ ಹಾಗೆ ಕೂತಿರ್ತಾಳೆ, ಮಂಕಾಗಿದಾಳೆ ಅಂತ ದೂರು ಬಂದಿದೆ. ನಾನು ಡಾಕ್ಟರಿಗೆ ತೋರಿಸೋಣ ಅಂತಿದ್ದೆ. ನೋಡಿದ್ರೆ ಕಾಯಿಲೆ ನಿಮ್ಮ ಹೊಲಿಗೇದು ಅಜ್ಜಾ!”

ಅಜ್ಜ ಕನ್ನಡಕ ತೆಗೆದು ಒರೆಸಿದರು. ಅವರು ಇಲ್ಲಿಗೆ ಬಂದ ದಿನವೇ ಮದರ್ ಹೇಳಿದ್ದರು: ಈ ಮಿಷನ್ ಅನಾಥಾಲಯದಲ್ಲಿ ಕೋಟಿಗೆ ಮೂರೇ ಅಳತೆ, ದೊಡ್ಡದು, ನಡುವಿನದು, ಚಿಕ್ಕದು. ತೋಳಲ್ಲಿ, ಅಂಚಲ್ಲಿ ಮಡಿಕೆ ಬಿಟ್ಟು ಹೊಲಿಯಬೇಕು. ಮಗು ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚುತ್ತಾ ಹೋಗುವುದು, ಕೊನೆಗೆ ಕೋಟು ಇನ್ನೊಂದು ಮಗುವಿಗೆ. ಅಂಗಡಿ ಮುಚ್ಚಿ, ತಮ್ಮೂರಿನ ಪಾದ್ರಿಯ ಮಾತಿಗೆ ತಲೆಬಾಗಿ, ಒಂದು ವರ್ಷ ಸೇವೆಗೆಂದು ಸಮುದ್ರ ದಾಟಿ ಬಂದ ಅಜ್ಜನಿಗೆ ಮೈಯೆಲ್ಲ ಉರಿದಿತ್ತು. “ಮೂಟೆ ಹೊಲಿಯೋಕೆ ನಾನು ಇಷ್ಟು ದೂರ ಬರ್ಬೇಕಿತ್ತಾ?” ಎಂದು ಟೇಪು ಹಿಡಿದು ಒಂದೊಂದು ಮಗುವಿನ ಹಿಂದೆಯೂ ಓಡಿದ್ದರು. ಇಲ್ಲಿನ ಭಾಷೆ ಆಗಿನ್ನೂ ಬಾಯಿಗೆ ಹತ್ತಿರಲಿಲ್ಲ. ಮಾತೆಲ್ಲ ಟೇಪೇ ಆಡಿತ್ತು. ಮೈಗೆ ಅಂಟಿದಂತೆ ಕೂತ ಕೋಟು ತೊಟ್ಟು ಮಕ್ಕಳು ಕಿಟಕಿ ಗಾಜಿನ ಮುಂದೆ ಸಾಲುಗಟ್ಟಿದ್ದವು. ಕಡ್ಡಿಯಂತೂ ಅದನ್ನು ತೊಟ್ಟೇ ಮಲಗಿದ್ದಳು.

ಮಕ್ಕಳು ಬೆಳೆಯುತ್ತವೆ ಎಂಬುದೊಂದನ್ನು ಮಾತ್ರ ಅಜ್ಜನ ಟೇಪು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರ ಅಂಗಡಿಗೆ ಬರುತ್ತಿದ್ದವರೆಲ್ಲ ಮದುವೆ ವಯಸ್ಸಿನ ಗಂಡಸರು. ಬೆಳೆದರೆ ಹೊಟ್ಟೆ ಬೆಳೆಯುತ್ತಿತ್ತು, ಅಷ್ಟೆ.

“ಆಯ್ತು, ತಪ್ಪಾಯ್ತು.” ಅಜ್ಜ ಮೆಷಿನ್ನಿನ ಹಿಂದಿನಿಂದ ಹೊಸ ಕೋಟೊಂದನ್ನು ತೆಗೆದು ಕೊಡವಿದರು. “ತಗೋ. ಈ ಸಲ ಮದರ್ ಹೇಳಿದ ಹಾಗೇ ಹೊಲಿದಿದೀನಿ. ನಾಳೆ ನಾನು ಊರಿಗೆ ಹೊರಟ ಮೇಲೂ ನಿಂಗೆ ತೊಂದ್ರೆ ಇಲ್ಲ.”

ಕಡ್ಡಿ ಅದರೊಳಗೆ ಕೈ ತೂರಿಸಿದಳು. ಬೆರಳು ಕಾಣಲಿಲ್ಲ. ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಇಳಿದಿತ್ತು. ಅಂಚು ಮಗುಚಿ ನೋಡಿದಳು. ಮಡಿಕೆಯ ಒಳಗೆ ಮಡಿಕೆ.

“ಇದರಲ್ಲಿ ಇನ್ಯಾರಾದ್ರೂ ಇದಾರಾ?” ಎಂದಳು.

ಮದರ್ ನಗು ತಡೆಯಲಾರದೆ ಮುಖ ತಿರುಗಿಸಿದರು. ಅಜ್ಜನಿಗೆ ನಗು ಬರಲಿಲ್ಲ. ಕಡ್ಡಿ ಕೋಟು ಕಳಚಿ, ನೀಟಾಗಿ ಮಡಚಿ, ಮೆಷಿನ್ನಿನ ಮೇಲಿಟ್ಟಳು. ಹರಿದದ್ದನ್ನು ಎತ್ತಿ ಎದೆಗವುಚಿಕೊಂಡಳು.

“ಆ ಹಳೇದು ನಿನ್ನೆ ಬಂದ ಪುಟ್ಟಿಗೆ ಆಗುತ್ತೆ ಕಣೇ,” ಎಂದರು ಮದರ್. “ಬೆಳಿಗ್ಗೆಯಿಂದ ಟವೆಲ್ಲು ಹೊದ್ದು ಓಡಾಡ್ತಿದೆ ಪಾಪದ್ದು.”

“ಪುಟ್ಟಿಗೆ ಆ ದೊಡ್ಡದು ಕೊಡಿ. ಹೊದ್ಕೊಳ್ಳೋಕೂ ಆಗುತ್ತೆ.”

ಮದರ್ ಸೊಂಟದ ಬೀಗದಕೈ ಗೊಂಚಲನ್ನು ಸುಮ್ಮನೆ ಕುಲುಕಿದರು. ಬಟ್ಟೆಯ ಕಪಾಟಿನ ಬೀಗ ತೆಗೆದು ನೀಲಿ ಬಟ್ಟೆಯ ತುಂಡೊಂದನ್ನು ಅಜ್ಜನ ಮುಂದಿಟ್ಟು, “ಇದೊಂದು ಸಲ ಇವಳ ಅಳತೆಗೇ ಹೊಲಿದುಬಿಡಿ,” ಎಂದರು. “ಮಿಕ್ಕವರಿಗೆ ಹೇಳ್ಬೇಡಿ, ನನ್ನ ತಲೆ ಮೇಲೆ ಕೂರ್ತಾರೆ. ನಾಳೆಯೊಳಗೆ ಆಗುತ್ತಾ?”

“ಆಗದೆ ಏನು! ಕಣ್ಣು ಮುಚ್ಚಿ ಹೊಲೀತೀನಿ.” ಅಜ್ಜನ ದನಿಗೆ ಜೀವ ಬಂತು.

“ಅದೂ ಬಿಗಿಯಾದ್ರೆ?” ಕಡ್ಡಿ ಕೇಳಿದಳು. “ಆಮೇಲೆ ಯಾರು ಹೊಲೀತಾರೆ?”

ಅಜ್ಜ ಮದರ್ ಮುಖ ನೋಡಿದರು. ಮದರ್ ಬೀಗದಕೈ ನೋಡಿಕೊಂಡರು.

“ಆಗಿನ ಮಾತು ಆಗ,” ಎಂದು ಅಜ್ಜ ಕೊರಳಿನ ಟೇಪು ಎಳೆದುಕೊಂಡು, ಮಂಡಿ ನೋವಿಗೆ ಮುಖ ಕಿವಿಚಿ, ಅವಳ ಎದುರು ಕೂತರು. “ಬಾ ಕೂಸೇ. ಕೈ ಎತ್ತು. ನೂಲಿನಷ್ಟೂ ಹೆಚ್ಚುಕಡಿಮೆ ಇಲ್ದೆ ಹೊಲಿದುಕೊಡ್ತೀನಿ.”

ಕಡ್ಡಿ ಹಳೆಯ ಕೋಟಿಗೆ ಒಂದೊಂದೇ ತೋಳು ತೂರಿಸಿದಳು. ಹೊಟ್ಟೆ ಒಳಗೆಳೆದುಕೊಂಡು ಗುಂಡಿ ಹಾಕಿದಳು. ಟೇಪು ನುಸುಳಲು ಸಂದಿಯಿಲ್ಲದಂತೆ ಎರಡೂ ಕೈ ಪಕ್ಕೆಗೆ ಒತ್ತಿ ಹಿಡಿದು ನಿಂತಳು.

“ಬೇಡ ಅಜ್ಜಾ,” ಎಂದಳು. “ನಾನಿನ್ನು ಬೆಳೆಯಲ್ಲ.”