ಕನ್ನಡಿ ಹಿಡಿದ ಕೈ

ಮೀನಿನ ತೊಟ್ಟಿಯ ಗಾಜಿಗೆ ಒತ್ತಿ ಹಿಡಿದ ಕನ್ನಡಿಯನ್ನು ಸೌಭಾಗ್ಯ ಅಲುಗಾಡಿಸಲಿಲ್ಲ. ಒಳಗಿನ ಉಪ್ಪುನೀರಿನಲ್ಲಿ ರಾಸ್ ಎಂಬ ಕಡಲಮೀನಿನ ಜಾತಿಯ, ಮೈಮೇಲೆ ಆರು ಗೆರೆಯಿದ್ದ ಮೀನು ತನ್ನದೇ ಬಿಂಬವನ್ನು ಮತ್ತೆ ಮತ್ತೆ ಹಾಯುತ್ತಿತ್ತು. ಅದರ ಬೆನ್ನ ಹಿಂದೆ, ನಿನ್ನೆ ತಂದ ಅದೇ ಜಾತಿಯ ಹಳದಿ ಮೀನು ಮರಳಿನೊಳಗಿಂದ ಮೂತಿ ಹೊರಗೆ ಹಾಕಿತು. ಗೆರೆಯ ಮೀನು ಕಚ್ಚಿ ಅದರ ಬಾಲ ಅರ್ಧ ಹರಿದಿತ್ತು.

“ಪಾಪ, ಒಂದ ಐತಿ, ಜೋಡಿ ಇರಲಿ ಅಂತ ತಂದೇನ್ರಿ,” ಎಂದು ಅವಳ ಗಂಡ ಸಂಗನಬಸವ ಫೋನಿನಲ್ಲಿ ಹೇಳುತ್ತಿದ್ದ. ಎರಡನ್ನೂ ಬೇರೆ ಮಾಡಲು ಬೆಳಗಿನಿಂದ ಬಲೆ ಹಾಕಿ ಅವನು ಸೋತಿದ್ದ. ಬಲೆ ಕಂಡೊಡನೆ ಗೆರೆಯದು ಕಲ್ಲಿನ ಸಂದಿಗೆ, ಹಳದಿಯದು ಮರಳಿಗೆ ಹೊಕ್ಕುಬಿಡುತ್ತಿದ್ದವು.

“ಒಯ್ಯೂಕಿಂತ ಮೊದಲ ನನ್ನ ಒಂದ ಮಾತ ಕೇಳಬೇಕಿತ್ತರಿ,” ಗಾಂಧಿ ಚೌಕದ ಮೀನಿನಂಗಡಿಯ ಜಾವೀದನ ದನಿ ಸ್ಪೀಕರಿನಲ್ಲಿ ಕೇಳಿತು. “ಗೆರೀದು ಮೊದಲ ಬಂದು ಮನಿ ಹಿಡದೈತಿ. ತನ್ನ ಕುಲದವರನ್ನ ಸೇರಸೂದಿಲ್ಲ. ನಾ ಬಬಲೇಶ್ವರದಾಗ ಅದೇನಿ, ಸಂಜಿಗೆ ಬಂದು ಒಂದನ್ನ ಹಿಡದು ಒಯ್ತೇನಿ. ಅಲ್ಲೀತನಕ ಕನ್ನಡಿ ತೋರಸ್ರಿ. ತನ್ನ ನೆರಳಿನ ಕೂಡ ಜಗಳಾಡ್ಕೋತ ಇರ್ತೈತಿ.”

ಸೌಭಾಗ್ಯಳ ತೋಳು ಜೋಮು ಹಿಡಿದಿತ್ತು. “ಲಗೂನ ತಿನ್ನವ್ವಾ,” ಎಂದಳು ಹಳದಿ ಮೀನಿಗೆ, ಮೆಲ್ಲಗೆ. ಅದು ಅಂಜುತ್ತ ಮೇಲೆ ಬಂದು ತೇಲುತ್ತಿದ್ದ ತಿನಿಸಿಗೆ ಬಾಯಿ ಹಾಕಿತು. ಅಷ್ಟರಲ್ಲಿ ಗೆರೆಯ ಮೀನು ಹಾಯುವುದನ್ನು ನಿಲ್ಲಿಸಿತು. ಕನ್ನಡಿಯೊಳಗಿನ ಮೀನು ಕಚ್ಚುವಂಥದ್ದಲ್ಲ ಎಂದು ತಿಳಿದುಕೊಂಡಂತೆ ಸ್ವಲ್ಪ ಹೊತ್ತು ಬಿಂಬದ ಮುಂದೆ ತಡೆದು ನಿಂತು, ನಿಧಾನವಾಗಿ ಹಳದಿ ಮೀನಿನ ಕಡೆಗೆ ತಿರುಗಿತು. ಸೌಭಾಗ್ಯ ಕನ್ನಡಿಯನ್ನು ಇನ್ನೂ ಗಟ್ಟಿಯಾಗಿ ಗಾಜಿಗೆ ಒತ್ತಿದಳು.