ಹೆಣ್ಣು ನೋಡುವ ದಿನದ ಹಾವು

"ಹಾವು! ನಾಗರಹಾವು ಕಣ್ರೀ!"

ಮನೆಯೊಡತಿ ವಿಮಲಮ್ಮನ ಕೂಗಿಗೆ ಇಡೀ ಪಡಸಾಲೆ ಎದ್ದು ನಿಂತಿತು. ಗಂಡಿನ ತಾಯಿ ಕಾಫಿ ಲೋಟ ಎತ್ತಿಹಾಕಿದರು. ಮದುವೆಯಾಗಬೇಕಿದ್ದ ಗಂಡು ಎಲ್ಲರಿಗಿಂತ ಮೊದಲು ಅಂಗಳಕ್ಕೆ ಹಾರಿದ್ದ. ಚಾಪೆಯ ಅಂಚಿನಲ್ಲಿ ಎರಡು ಮೊಳದ ಹಾವೊಂದು ಕತ್ತು ಅಗಲ ಮಾಡಿಕೊಂಡು ತಲೆ ಎತ್ತಿತ್ತು.

ಅದು ನಾಗರವಲ್ಲ. ಮನೆಯ ಮಗಳು ಸರ್ವಮಂಗಳ ಹಿತ್ತಲಲ್ಲಿ ಸಾಕಿದ್ದ ನೀರುಹಾವು. ಕಚ್ಚಿದರೂ ವಿಷವಿಲ್ಲ. ಆದರೆ ಅದನ್ನು ಕೇಳಿಸಿಕೊಳ್ಳಲು ಯಾರಿದ್ದರು? ಹತ್ತೇ ನಿಮಿಷದಲ್ಲಿ ಕೆಂಕೆರೆಯ ನೆಂಟರು ಬಸ್ಸಿನ ದಾರಿ ಹಿಡಿದಿದ್ದರು. ಮುರಿದ ಸಂಬಂಧ ಇದು ಎರಡನೆಯದು. ಮೊದಲನೆಯದೂ ಹೀಗೆಯೇ ಹೋಗಿತ್ತು.

ಮರುಳಸಿದ್ದಯ್ಯನಿಗೆ ಮೈಯೆಲ್ಲ ಉರಿಯಿತು. "ನೀನೇ ಬುಟ್ಟಿದ್ದೀಯ ಕಣೇ!" ಎಂದು ಮಗಳ ಮೇಲೆ ಏರಿಹೋದ.

"ನಾನು ಬಿಟ್ಟಿಲ್ಲ ಅಪ್ಪ. ಮದ್ವೆ ಬ್ಯಾಡ ಅಂತ ನಿನ್ ಮುಖಕ್ಕೇ ಹೇಳಿಲ್ವಾ? ಅದ್ಕೆ ಹಾವು ಯಾಕೆ ಬೇಕು ನಂಗೆ?"

ಅವಳಿಗೂ ಅಪ್ಪನಷ್ಟೇ ಸಿಟ್ಟು ಬಂದಿತ್ತು. ಹಾವಿನ ಕತ್ತಿನ ಹತ್ತಿರ ಚರ್ಮ ತರಚಿತ್ತು. "ಯಾರೋ ಕತ್ತು ಅಮುಕಿ ಹಿಡ್ದಿದ್ದಾರೆ. ಹಿಡಿಯೋಕೆ ಬರ್ದೇ ಇರೋರು ಮುಟ್ಟಬಾರ್ದು. ಹೊಟ್ಟೆ ಕೆಳಗೆ ಎರಡೂ ಕೈ ಕೊಟ್ರೆ ಇದು ಸುಮ್ನಿರ್ತದೆ, ನೋಡಿ ಇಲ್ಲಿ" ಎಂದು ಅಂಗೈಯಿಂದ ಅಂಗೈಗೆ ಹರಿಯಬಿಟ್ಟು ತೋರಿಸಿದಳು. ಮರುಳಸಿದ್ದಯ್ಯ ಮುಖ ತಿರುಗಿಸಿದ. ಹಲ್ಲಿ ಕಂಡರೂ ಬೆಚ್ಚುವ ವಿಮಲಮ್ಮ ಬೆಂಚು ಹತ್ತಿ ನಿಂತು ನೋಡಿದಳು.

ಇಂಥ ಎರಡು ಹಾವುಗಳು ಹಿತ್ತಲಿನ ಹಳೆಯ ಕಲ್ಲುಬಾನಿಯಲ್ಲಿದ್ದವು. ಅರ್ಧ ನೀರು, ಅರ್ಧ ಮರಳು, ಅವಿತುಕೊಳ್ಳಲು ಒಂದಷ್ಟು ತೆಂಗಿನ ಮಟ್ಟೆ. ಮೇಲೆ ತಂತಿಬಲೆ, ಅದರ ಮೇಲೆ ಗುಂಡುಕಲ್ಲು. ನಾಲ್ಕು ದಿನಕ್ಕೊಮ್ಮೆ ಪುಡಿಮೀನು. ಕಾಯಿ ಸುಲಿಯಲು ಬರುವ ಕೆಂಚಪ್ಪ ಅದನ್ನು ಕೆರೆಯಿಂದ ತಂದುಕೊಡುತ್ತಿದ್ದ. ಲಿಂಗಪೂಜೆಯ ಮನೆಯ ಹಿತ್ತಲಿಗೆ ಮೀನು! ಮರುಳಸಿದ್ದಯ್ಯ ದಿನವೂ ಕೂಗಾಡುತ್ತಿದ್ದ. ಆದರೆ ಹಾವು ಕೊಲ್ಲಲು ಅವನಿಗೆ ಕೈ ಬಾರದು, ಮುಟ್ಟಲು ಧೈರ್ಯವಿಲ್ಲ.

ನಿಜವಾದ ಜಗಳ ಇದ್ದದ್ದು ಬೇರೆ ಕಡೆ. ಸರ್ವಮಂಗಳ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದಳು. ತಿಪಟೂರಿನಲ್ಲಿ ಬಿಎಸ್ಸಿ ಸೇರಲು ಅರ್ಜಿ ತುಂಬಿಟ್ಟಿದ್ದಳು. ಅಪ್ಪನ ಸಹಿಯೊಂದು ಬೇಕಿತ್ತು. ಸೋಮವಾರವೇ ಕೊನೆಯ ದಿನ. ಅವನೋ, ಅದರ ಹಿಂದಿನ ದಿನ ಭಾನುವಾರಕ್ಕೇ ಕಿಬ್ಬನಹಳ್ಳಿಯ ಕೊಬ್ಬರಿ ಮಂಡಿಯವರನ್ನು ಹೆಣ್ಣು ನೋಡಲು ಕರೆದಿದ್ದ. ಬೇಕೆಂದೇ ಕರೆದಿದ್ದ.

"ಓದ್ಲಿ ಬುಡ್ರೀ ಅವ್ಳು" ಎಂದು ವಿಮಲಮ್ಮ ಒಮ್ಮೆ ಮೆಲ್ಲಗೆ ಹೇಳಿದಳು.

"ನೀನು ಹದಿನಾಲ್ಕಕ್ಕೇ ಸ್ಕೂಲು ಬುಟ್ಟು ಈ ಮನೆಗೆ ಬಂದೆ. ಏನ್ ಕಳ್ಕಂಡೆ?"

ವಿಮಲಮ್ಮ ಹಾಲು ಕಾಯಿಸಲು ಎದ್ದುಹೋದಳು.

ಭಾನುವಾರ ಬೆಳಿಗ್ಗೆ ಮರುಳಸಿದ್ದಯ್ಯ ಯಾರನ್ನೂ ನಂಬಲಿಲ್ಲ. ಎರಡೂ ಹಾವುಗಳನ್ನು ಮಗಳ ಕೈಯಿಂದಲೇ ಗೋಣಿಚೀಲಕ್ಕೆ ಹಾಕಿಸಿದ. ಅವಳು ಅತ್ತಳು, ದುಃಖಕ್ಕಿಂತ ಹೆಚ್ಚಾಗಿ ರೋಷಕ್ಕೆ. ಚೀಲದ ಬಾಯಿಗೆ ಮೂರು ಗಂಟು ಬಿಗಿದು, "ಕೆರೆ ಏರಿ ಆಚೆ ಬುಟ್ಟು ಬಾರ್ಲಾ" ಎಂದು ಕೆಂಚಪ್ಪನಿಗೆ ಕೊಟ್ಟ. ಬರಿದಾದ ಬಾನಿಯನ್ನು ಎರಡು ಸಲ ಇಣುಕಿ ನೋಡಿದ. ಹಿತ್ತಲ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮಗಳನ್ನು ಕೋಣೆಯಲ್ಲಿ ಕೂರಿಸಿ, ತಾನು ಹೊಸ್ತಿಲಲ್ಲೇ ಕುಳಿತ.

ಮಧ್ಯಾಹ್ನ ನೆಂಟರು ಬಂದರು. ಅವರಿಗೆ ಕೊಡಬೇಕಾದ ಕಾಯಿಗಳ ಬುಟ್ಟಿಯನ್ನು ಕೆಂಚಪ್ಪ ಅಡಿಗೆಮನೆಯಲ್ಲಿಟ್ಟು ಹೋದ. ಗಂಡಿಗೆ ಹೆಣ್ಣು ಒಪ್ಪಿಗೆಯಾಯಿತು. ಗಂಡಿನ ತಂದೆ ದಿನ ನೋಡುವ ಮಾತೆತ್ತಿದರು. ಮರುಳಸಿದ್ದಯ್ಯ ಎಷ್ಟೋ ದಿನದ ಮೇಲೆ ನಕ್ಕ. ವಿಮಲಮ್ಮ ಬುಟ್ಟಿ ತಂದು ಗಂಡಿನ ತಾಯಿಯ ಮುಂದಿಟ್ಟಳು, ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯಯ್ಯೋ, ನಾಗರಹಾವು!"

ಕಾಯಿಗಳ ನಡುವಿನಿಂದ ಹಾವು ತಲೆ ಎತ್ತಿತ್ತು. ಗಂಡಿನ ತಾಯಿ ಗೋಡೆಗೆ ಒರಗಿ ಕುಸಿದರು. ಅವರಿಗೆ ನೀರು ಕುಡಿಸಿ ಎಬ್ಬಿಸುವಷ್ಟರಲ್ಲಿ ಗಂಡಿನ ತಂದೆ ಹೆಗಲ ಮೇಲೆ ವಲ್ಲಿ ಹಾಕಿಕೊಂಡಿದ್ದರು. "ಇದು ಮನೆಯೋ, ಹುತ್ತವೋ? ನಮಗೆ ಈ ಸಂಬಂಧ ಬ್ಯಾಡ ಕಣ್ರೀ."

ಅವರು ಹೋದ ಮೇಲೆ ಮರುಳಸಿದ್ದಯ್ಯ ಮಗಳ ಮೇಲೆ ಕೈ ಎತ್ತಿದ. ಎತ್ತಿದ ಕೈ ಹಾಗೆಯೇ ನಿಂತಿತು. ಅವಳು ಬೆಳಗಿನಿಂದ ಅವನ ಕಣ್ಣ ಮುಂದೆಯೇ ಇದ್ದಳು. ಬೈಯಲು ಯಾರೂ ಸಿಗದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು.

ಸರ್ವಮಂಗಳ ಹಾವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಈ ಸಲ ಒಂದು ಗೀರೂ ಇಲ್ಲ. ಚೆನ್ನಾಗಿ ಹಿಡ್ದಿದ್ದಾರೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

"ಮುಚ್ಚೇ ಬಾಯಿ!" ಮರುಳಸಿದ್ದಯ್ಯ ಸೂರು ಹಾರುವಂತೆ ಕೂಗಿದ. "ಮೂರು ತಾಲ್ಲೂಕಿಗೂ ಸುದ್ದಿ ಹಬ್ತದೆ. ಹಾವಿನ ಮನೆ ಹೆಣ್ಣು ಅಂತ ಇನ್ನು ನಾಯಿನೂ ಈ ಕಡೆ ಬರಕ್ಕಿಲ್ಲ. ತಗಂಬಾ ಆ ಅರ್ಜಿಯ! ಓದು, ಓದ್ಕಂಡು ಹಾವಿನ ಜೊತೇಲೇ ಬಾಳು!"

ಪೆನ್ನಿನ ಮೊನೆ ಕಾಗದ ಹರಿಯುವಂತೆ ಸಹಿ ಹಾಕಿ, ಚಪ್ಪಲಿ ಮೆಟ್ಟಿ ತೋಟದ ಕಡೆ ನಡೆದುಬಿಟ್ಟ.

ಅವನು ಮರೆಯಾದದ್ದನ್ನು ನೋಡಿ ವಿಮಲಮ್ಮ ಕಾಯಿ ಸುಲಿಯುವ ಚಪ್ಪರಕ್ಕೆ ಬಂದಳು. ಕೆಂಚಪ್ಪ ಗೋಣಿಚೀಲವನ್ನು ಮೈಯಿಂದ ದೂರ ಹಿಡಿದು ನಿಂತಿದ್ದ.

"ಅಮ್ಮಾವ್ರೇ, ಇನ್ನೊಂದು ಇದ್ರಾಗೇ ಐತೆ. ಮುಂದಿನ ಗಂಡಿಗೆ ಇಟ್ಕಳಾನಾ?"

ವಿಮಲಮ್ಮ ಚೀಲದೊಳಗೆ ಎರಡೂ ಕೈ ಹಾಕಿ, ಹಾವಿನ ಹೊಟ್ಟೆ ಕೆಳಗೆ ಆಸರೆ ಕೊಟ್ಟು ಮೆಲ್ಲಗೆ ಮೇಲೆತ್ತಿದಳು. "ಬ್ಯಾಡ ಬುಡು ಕೆಂಚಪ್ಪ. ಸಹಿ ಹಾಕಿದ್ರು."